ಮೂರು ತಿಂಗಳು ಗುಟ್ಟು, ಐದು ತಿಂಗಳಿಗೆ ಸ್ಕ್ಯಾನಿಂಗ್

ಹೊಟ್ಟೆಯಲ್ಲಿರುವ ಮಗುವಿಗೇ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳ ಚಿಕಿತ್ಸೆ ಕೊಡುತ್ತಾರಂತೆ ಎಂಬ ಸುದ್ದಿ ನಮ್ಮ ಶಿರಸಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಸುದ್ದಿ ಸುಳ್ಳಲ್ಲ. ಆದರೆ ‘ಇನ್ನು ಹುಟ್ಟುರೋಗದ ಕಥೆ ಮುಗಿಯಿತು’ ಎಂದು ಅದರ ಕೆಳಗೆ ಕೈಮುಗಿಯುತ್ತಿರುವವರನ್ನು ನೋಡಿ ಸುಮ್ಮನಿರಲಾಗಲಿಲ್ಲ.

ಸ್ಯಾನ್‌ಫ್ರಾನ್ಸಿಸ್ಕೊದ ವೈದ್ಯರು ಆಲ್ಫಾ ಥಲಸೇಮಿಯಾ ಎಂಬ ತೀವ್ರ ರಕ್ತದ ಕಾಯಿಲೆಯಿದ್ದ ಭ್ರೂಣಕ್ಕೆ ತಾಯಿಯ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು ಹೊಕ್ಕುಳಬಳ್ಳಿಯ ರಕ್ತನಾಳದ ಮೂಲಕ ಕೊಟ್ಟರು. ಆ ಮಗು 2018ರಲ್ಲಿ ಹುಟ್ಟಿತು. ಹೊರಗಿನ ಕೋಶಗಳನ್ನು ಗುರುತಿಸಿ ಹೊಡೆದೋಡಿಸುವ ಶಕ್ತಿ ಭ್ರೂಣಕ್ಕೆ ಇನ್ನೂ ಬಲಿತಿರುವುದಿಲ್ಲ. ತಾಯಿಯ ಕೋಶಗಳನ್ನಂತೂ ಅದು ಸಹಿಸಿಕೊಂಡೇ ಬೆಳೆಯುತ್ತದೆ. ಉಪಾಯದ ಗುಟ್ಟು ಅಲ್ಲಿದೆ. ಆದರೆ ಹುಟ್ಟಿದ ಮೇಲೂ ಮಗುವಿಗೆ ರಕ್ತ ಕೊಡುವುದು ತಪ್ಪಲಿಲ್ಲ ಎಂಬುದನ್ನು ಫಾರ್ವರ್ಡ್ ಮಾಡುವವರು ಬರೆಯುವುದಿಲ್ಲ. ಅಲ್ಲಿಯದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಆಸ್ಪತ್ರೆಯಲ್ಲಿ 2021ರಿಂದ ಇನ್ನೊಂದು ಪ್ರಯೋಗ ನಡೆದಿದೆ. ಬೆನ್ನುಹುರಿ ಮುಚ್ಚಿಕೊಳ್ಳದೆ ಉಳಿಯುವ ಸ್ಪೈನಾ ಬೈಫಿಡಾ ಇದ್ದ ಭ್ರೂಣಗಳಿಗೆ ಗರ್ಭದಲ್ಲೇ ಶಸ್ತ್ರಚಿಕಿತ್ಸೆ ಮಾಡಿ, ದಾನವಾಗಿ ಬಂದ ಮಾಸಿನಿಂದ ಪಡೆದ ಕಾಂಡಕೋಶಗಳ ತೇಪೆ ಹಾಕುತ್ತಾರೆ.

ಈ ಶಸ್ತ್ರಚಿಕಿತ್ಸೆಗೆ ಗಡುವಿದೆ. ಅದು ಉಪಯುಕ್ತವೆಂದು 2011ರಲ್ಲಿ ತೋರಿಸಿಕೊಟ್ಟ ಅಮೆರಿಕದ ಅಧ್ಯಯನದಲ್ಲಿ 26 ವಾರ ತುಂಬುವುದರೊಳಗೆ ಎಲ್ಲವೂ ಮುಗಿಯಬೇಕಿತ್ತು. ನಮ್ಮಲ್ಲಿ ಐದು ತಿಂಗಳ ಸ್ಕ್ಯಾನಿಂಗ್ ಎನ್ನುತ್ತೇವಲ್ಲ, ಅದನ್ನು 18ರಿಂದ 20 ವಾರದೊಳಗೆ ಮಾಡಿಸಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದರೆ, ಗಂಡನಿಗೆ ರಜೆ ಸಿಗದಿದ್ದರೆ, ಅತ್ತೆ ‘ಗಡಿಬಿಡಿ ಏನಿದೆ’ ಎಂದರೆ, ಅದು ಏಳನೇ ತಿಂಗಳಿಗೆ ಜಾರುತ್ತದೆ. ಅಷ್ಟರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಪಕ್ಕದ ಕುಮಟಾದಲ್ಲೇ ಇದ್ದರೂ ಪ್ರಯೋಜನವಿಲ್ಲ.

ಇನ್ನು ನಮ್ಮ ಗುಟ್ಟಿನ ಪದ್ಧತಿ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿ ತಾಗುತ್ತದೆ. ನೆರೆಮನೆಗೆ ಹೇಳಬೇಡಿ, ನನ್ನ ತಕರಾರಿಲ್ಲ. ಆದರೆ ಆಶಾ ಕಾರ್ಯಕರ್ತೆಗೂ ಹೇಳದೆ, ತಾಯಿ ಕಾರ್ಡನ್ನೂ ಮಾಡಿಸದೆ ಕುಳಿತರೆ ಹೇಗೆ? ಭ್ರೂಣದ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳ ಆಸುಪಾಸಿನಲ್ಲಿ, ಎಷ್ಟೋ ಹೆಂಗಸರಿಗೆ ಮುಟ್ಟು ತಪ್ಪಿದ್ದು ಖಾತ್ರಿಯಾಗುವ ಹೊತ್ತಿಗೆ. ಆದ್ದರಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಮಗು ಬೇಕೆಂದುಕೊಂಡಾಗಲೇ ಶುರುಮಾಡಬೇಕು. ಕಾಂಡಕೋಶದ ತೇಪೆಯ ಅಗತ್ಯವೇ ಬಾರದಂತೆ ಎಷ್ಟೋ ಮಕ್ಕಳನ್ನು ಉಳಿಸುವ ಈ ಮಾತ್ರೆ ತೀರಾ ಅಗ್ಗ. ಅಗ್ಗವಾದದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ದುಬಾರಿಯದ್ದು ಮಾತ್ರ ಮನೆಬಾಗಿಲಿಗೇ ಬರುತ್ತದೆ. ಕಾಂಡಕೋಶಗಳಿರುವ ಹೊಕ್ಕುಳಬಳ್ಳಿಯ ರಕ್ತವನ್ನು ಕೂಡಿಟ್ಟರೆ ಮಗುವಿಗೆ ಜೀವವಿಮೆ ಮಾಡಿಸಿದಂತೆ ಎಂದು ನಮ್ಮ ತಂಗಿಯ ಮಗಳಿಗೂ ಒಬ್ಬ ಏಜೆಂಟ್ ಹೇಳಿ ಹೋದ. ವಂಶವಾಹಿಯಲ್ಲೇ ದೋಷವಿದ್ದರೆ ಆ ರಕ್ತದಲ್ಲೂ ಅದೇ ದೋಷ ಇರುತ್ತದಲ್ಲ, ಆಗ ಅದನ್ನೇ ಮಗುವಿಗೆ ಮರಳಿ ಕೊಟ್ಟು ಏನು ಮಾಡುತ್ತೀರಿ ಎಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ. ಮಗುವಿನ ಮುಂದಿನ ಬಳಕೆಗೆಂದು ಹೀಗೆ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೇ ಹೇಳುತ್ತದೆ.

‘ದೋಷ ಇದೆ ಎಂದು ತಿಳಿದು ಮಾಡುವುದಾದರೂ ಏನು, ತೆಗೆಸುವುದೇ ತಾನೆ’ ಎನ್ನುವವರಿದ್ದಾರೆ. ಅಲ್ಲ. ಹೆರಿಗೆ ಎಲ್ಲಿ ಆಗಬೇಕು, ಮಣಿಪಾಲವೋ ಹುಬ್ಬಳ್ಳಿಯೋ ಎಂದು ಮೊದಲೇ ನಿರ್ಧರಿಸಬಹುದು. ಹುಟ್ಟಿದ ಕೂಸನ್ನು ಆಂಬುಲೆನ್ಸ್‌ನಲ್ಲಿ ಹಾಕಿಕೊಂಡು ಹೆದ್ದಾರಿಯಲ್ಲಿ ಓಡುವುದು ತಪ್ಪುತ್ತದೆ. ತೆಗೆಸುವ ನಿರ್ಧಾರವೂ ಆ ದಂಪತಿಯದು, ನನ್ನದಲ್ಲ, ಮಠದ್ದೂ ಅಲ್ಲ. ಇನ್ನು ಕೆಲವರಿಗೆ ಪರೀಕ್ಷೆ ಎಂದರೆ ಕೇಸಿನ ಭಯ. 1994ರ ಕಾಯ್ದೆ ನಿಷೇಧಿಸಿರುವುದು ಲಿಂಗ ಪತ್ತೆಯನ್ನು. ವಂಶವಾಹಿ ಮತ್ತು ರಕ್ತದ ದೋಷಗಳ ಪತ್ತೆಗೆ ಅದೇ ಕಾಯ್ದೆ ಅವಕಾಶ ಕೊಟ್ಟಿದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎಲ್ಲರೂ ಕೂಗಿದೆವು, ಈಗಲೂ ಕೂಗಬೇಕು. ಕಟ್ಟಡ ಬರುವವರೆಗೆ ಒಂದು ಸಣ್ಣ ಬೇಡಿಕೆಯನ್ನೂ ಸೇರಿಸೋಣ: ಮೊದಲ ತಪಾಸಣೆಗೆ ಬಂದ ದಿನವೇ ಪ್ರತಿ ಗರ್ಭಿಣಿಗೆ ಎಚ್‌ಬಿಎ2 ರಕ್ತಪರೀಕ್ಷೆ. ಅವಳು ಥಲಸೇಮಿಯಾದ ಇನ್ನೊಂದು ಬಗೆಯಾದ ಬೀಟಾ ಥಲಸೇಮಿಯಾದ ವಾಹಕಿ, ಅಂದರೆ ತನಗೆ ಕಾಯಿಲೆಯಿಲ್ಲದಿದ್ದರೂ ದೋಷವನ್ನು ಹೊತ್ತವಳು ಎಂದು ಕಂಡರೆ ಗಂಡನಿಗೂ ಪರೀಕ್ಷೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇಕಡಾ 25. ಸೋದರಮಾವನ ಮಗಳನ್ನು ತಂದುಕೊಳ್ಳುವ ಮನೆಗಳಂತೂ ಇದನ್ನು ಮದುವೆಗೆ ಮುಂಚೆಯೇ ಮಾಡಿಸಬೇಕು. ಇದಕ್ಕಾಗಿ ಬಸುರಿ ಘಟ್ಟ ಇಳಿಯಬೇಕಾಗಿಲ್ಲ. ರಕ್ತದ ಮಾದರಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಾರವಾರಕ್ಕೆ ಬಸ್ಸಿನಲ್ಲೇ ಕಳಿಸಬಹುದು.