ಸ್ವಲ್ಪ ತಡೀರಿ ಮಾರಾಯ್ರೆ, ಇನ್ನೂ ಮುಗಿದಿಲ್ಲ

ಈಗ ರಾತ್ರಿ ಹನ್ನೊಂದೂವರೆ. ಮನೆಗೆ ಬಂದು ಕೈಕಾಲು ತೊಳೆದದ್ದಷ್ಟೇ, ಫೋನ್ ಹಿಡಿದು ಕೂತಿದ್ದೇನೆ. "ಬೆಳಿಗ್ಗೆ ಬರಿ, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತೆ" ಅಂದರು ನಮ್ಮನೆಯವರು. ಇಳಿಯಬಾರದು ಅಂತಲೇ ಈಗ ಬರೆಯುತ್ತಿರೋದು. ಕಛೇರಿಯ ಕೊನೆಯ ಸ್ವರ ಕರಗುವ ಮೊದಲೇ ಚಪ್ಪಾಳೆ ತಟ್ಟುತ್ತಾರಲ್ಲ, ಅವರ ಮೇಲಿನ ಸಿಟ್ಟು ಇದು. ಅಲ್ಲದೆ ಈ ಸಿಟ್ಟಿನಲ್ಲಿ ಅವರದ್ದೂ ಒಂದು ಪಾಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಜೂನ್ ಬಂದರೆ ಇವಳ ಆಲ್ಡ್‌ಬರಾ ಪುರಾಣ ಶುರುವಾಗುತ್ತೆ ಅಂತ ನಿಮಗೆಲ್ಲ ಗೊತ್ತು. ಹೊಸಬರಿಗೆ ಮಾತ್ರ ಎರಡು ಮಾತು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಸಫೊಕ್‌ನಲ್ಲಿ ಇರುವ ಪುಟ್ಟ ಊರು ಇದು. ನಮ್ಮ ಇಪ್ಸ್‌ವಿಚ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ದಂಡೆಯಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಕಲ್ಲಿನ ಮೇಲೆ ಎಳೆದಿಟ್ಟ ಮೀನಿನ ದೋಣಿಗಳು. ಬೆಂಜಮಿನ್ ಬ್ರಿಟ್ಟನ್ ಎಂಬ ಸಂಗೀತಗಾರ (ದೇಶ ಅಲ್ಲ, ಮನುಷ್ಯ) ಇಲ್ಲಿ ಬಂದು ನೆಲೆಸಿದ. ಗಾಯಕ ಪೀಟರ್ ಪಿಯರ್ಸ್ ಅವನ ಸಂಗಾತಿ. 1947ರಲ್ಲಿ ತಂಡ ಕಟ್ಟಿಕೊಂಡು ಯುರೋಪಿನ ಉತ್ಸವಗಳಿಗೆಲ್ಲ ಅಲೆಯುವಾಗ ಪಿಯರ್ಸ್‌ಗೆ ಅನಿಸಿತಂತೆ, ಇಷ್ಟು ಕಷ್ಟಪಟ್ಟು ಪರವೂರಿಗೆ ಹೋಗೋದ್ಯಾಕೆ, ನಮ್ಮೂರಲ್ಲೇ ಒಂದು ಉತ್ಸವ ಯಾಕೆ ಮಾಡಬಾರದು ಅಂತ. 1948ರ ಜೂನ್‌ನಲ್ಲಿ ಮಾಡಿಯೇ ಬಿಟ್ಟರು. ಊರಿನ ಜುಬಿಲಿ ಹಾಲ್ ಮತ್ತು ಚರ್ಚ್ ಸಾಕಾಯಿತು. ಆ ಉತ್ಸವವೇ ಇವತ್ತಿಗೂ ನಡೆದುಕೊಂಡು ಬಂದಿರೋದು. ಹೊನ್ನಾವರದವಳಿಗೆ ಸಮುದ್ರದ ಗಾಳಿ ಮತ್ತು ಸಂಗೀತ ಒಟ್ಟಿಗೆ ಸಿಕ್ಕರೆ ಇನ್ನೇನು ಬೇಕು ಹೇಳಿ.

ಬೇಕಾದದ್ದು ಹತ್ತು ಸೆಕೆಂಡ್ ಮೌನ. ಅಷ್ಟೇ. ಅದೊಂದು ಸಿಗಲಿಲ್ಲ.

ಇವತ್ತಿನ ಕಛೇರಿ ಸ್ನೇಪ್‌ನಲ್ಲಿತ್ತು. ಆಲ್ಡ್‌ಬರಾದಿಂದ ಐದಾರು ಮೈಲಿ ಒಳಗೆ, ಆಲ್ಡ್ ನದಿಯ ಪಕ್ಕ, ಜೊಂಡು ಹುಲ್ಲಿನ ನಡುವೆ. ಮೊದಲು ಅದು ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸುವ ದೊಡ್ಡ ಕಾರ್ಖಾನೆಯಾಗಿತ್ತು. ಮಗುವಿಗೆ ಸರಿಹಿಟ್ಟು ಮಾಡಲು ನಾವು ರಾಗಿ ಮೊಳಕೆ ಕಟ್ಟುತ್ತೇವಲ್ಲ, ಅದೇ ಕೆಲಸವನ್ನು ಇವರು ಬಿಯರಿಗಾಗಿ ಮಾಡುತ್ತಿದ್ದರು. 1965ರಲ್ಲಿ ಕಾರ್ಖಾನೆ ನಿಂತಿತು. ಅದರ ಒಂದು ಕಟ್ಟಡವನ್ನೇ ಸಭಾಂಗಣ ಮಾಡಿದರು. 1967ರಲ್ಲಿ ರಾಣಿ ಎಲಿಜಬೆತ್ ಬಂದು ಉದ್ಘಾಟಿಸಿದರು. ಎರಡೇ ವರ್ಷಕ್ಕೆ, 1969ರ ಉತ್ಸವದ ಮೊದಲ ರಾತ್ರಿಯೇ, ಬೆಂಕಿ ಬಿದ್ದು ಮಾಡು (ಛಾವಣಿ) ಎಲ್ಲ ಸುಟ್ಟುಹೋಯಿತು. ಗೋಡೆ ಉಳಿಯಿತು. ಉತ್ಸವ ನಿಲ್ಲಿಸಲಿಲ್ಲ, ಹತ್ತಿರದ ಚರ್ಚುಗಳಲ್ಲಿ ನಡೆಸಿದರು. ಮರುವರ್ಷದ ಉತ್ಸವಕ್ಕೆ ಸಭಾಂಗಣ ಮತ್ತೆ ಎದ್ದು ನಿಂತಿತ್ತು. ರಾಣಿಯೂ ಮತ್ತೆ ಬಂದರು. ಒಂದೇ ಕಟ್ಟಡಕ್ಕೆ ಎರಡೆರಡು ಸಲ ಬರುವ ಭಾಗ್ಯ.

ಇದನ್ನೆಲ್ಲ ಸುಮ್ನೆ ಹೇಳುತ್ತಿಲ್ಲ. ಆ ಹಾಲ್ ಹೇಗಿದೆ ಅಂತ ಗೊತ್ತಾದರೆ ಮಾತ್ರ ನನ್ನ ಸಿಟ್ಟು ಅರ್ಥವಾಗುತ್ತೆ. ಬರೀ ಇಟ್ಟಿಗೆಯ ಗೋಡೆ, ಮರದ ಮಾಡು, ಬೆತ್ತ ಹೆಣೆದ ಕುರ್ಚಿ. ಪರದೆ ಇಲ್ಲ, ಕಾರ್ಪೆಟ್ ಇಲ್ಲ, ಮೈಕ್ ಅಂತೂ ಇಲ್ಲವೇ ಇಲ್ಲ. ಅಲ್ಲಿ ಸ್ವರ ತಟ್ಟನೆ ಸಾಯುವುದಿಲ್ಲ. ಬಾರಿಸುವವರು ನಿಲ್ಲಿಸಿದ ಮೇಲೂ ಮಾಡಿನ ಕೆಳಗೆ ಸ್ವಲ್ಪ ಹೊತ್ತು ತಿರುಗಾಡಿಕೊಂಡಿರುತ್ತೆ. ಆ ಸ್ವಲ್ಪ ಹೊತ್ತಿಗೂ ನಾನು ದುಡ್ಡು ಕೊಟ್ಟಿರುತ್ತೇನೆ.

ಮೊದಲರ್ಧ ಹೇಡನ್ ಎಂಬ ಹಳೆಯ ಸಂಗೀತಗಾರನ ಕೃತಿ ಬಾರಿಸಿದರು, ಚೆನ್ನಾಗಿತ್ತು. ಕೊನೆಗೆ ಇಟ್ಟುಕೊಂಡಿದ್ದು ಬ್ರಿಟ್ಟನ್ನನ ಮೂರನೇ ಸ್ಟ್ರಿಂಗ್ ಕ್ವಾರ್ಟೆಟ್. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ. ನಾಲ್ವರೂ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು. 1973ರಲ್ಲಿ ಬ್ರಿಟ್ಟನ್ನನಿಗೆ ಹೃದಯದ ಆಪರೇಷನ್ ಆಗಿತ್ತು. ಆಮೇಲೆ ಅವನು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಈ ಕ್ವಾರ್ಟೆಟ್‌ನ ಕೊನೆಯ ಭಾಗವನ್ನು 1975ರ ನವೆಂಬರ್‌ನಲ್ಲಿ ವೆನಿಸ್‌ನಲ್ಲಿ ಕೂತು ಮುಗಿಸಿದ. ಮರುವರ್ಷ ಅಮಾಡಿಯಸ್ ಕ್ವಾರ್ಟೆಟ್ ಎಂಬ ತಂಡದವರು ಅವನ ಮನೆಗೇ ಬಂದು ಬಾರಿಸಿ ಕೇಳಿಸಿದರು. 1976ರ ಡಿಸೆಂಬರ್ 4ಕ್ಕೆ ತೀರಿಹೋದ. ಅದೇ ತಿಂಗಳ 19ಕ್ಕೆ, ಹದಿನೈದೇ ದಿನದಲ್ಲಿ, ಇದೇ ಸ್ನೇಪ್‌ನಲ್ಲಿ ಮೊದಲ ಸಲ ಜನರ ಮುಂದೆ ಬಾರಿಸಿದರು. ಇದೇ ಗೋಡೆಗಳ ನಡುವೆ!

ಆ ಕೊನೆಯ ಭಾಗ ಹೇಗಿದೆ ಗೊತ್ತಾ? ತಬಲಾ ಸೋಲೋಗೆ ಹಾರ್ಮೋನಿಯಂನವರು ಲೆಹರಾ ಹಿಡಿಯುತ್ತಾರಲ್ಲ, ಹಾಗೆ ಕೆಳಗೆ ಒಂದು ಸಾಲು ಮತ್ತೆ ಮತ್ತೆ ಬರುತ್ತಿರುತ್ತೆ. ಮೇಲೆ ಉಳಿದವರು ನಿಧಾನಕ್ಕೆ ಹಾಡು ಬಿಚ್ಚುತ್ತಾರೆ. ಇನ್ನೇನು ಮನೆ ಸೇರಿದೆವು ಅನ್ನುವ ಹೊತ್ತಿಗೆ ದಾರಿ ಬೇರೆಯಾಗುತ್ತೆ. ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ, ಬಂದು ಕೂರುವುದೇ ಇಲ್ಲ. ಇದು ಪ್ರಶ್ನೆಯಲ್ಲಿ ಮುಗಿಯಬೇಕು ಅಂತ ಅವನೇ ಹೇಳಿದ್ದನಂತೆ.

ಇವತ್ತು ಹಾಗೇ ಆಯಿತು. ನಾಲ್ಕೂ ಕಮಾನು ತಂತಿಯ ಮೇಲಿದ್ದವು. ಮೂರು ನಿಂತವು. ಚೆಲ್ಲೋ ಹುಡುಗಿಯ ಕಮಾನು ಮಾತ್ರ ಇನ್ನೂ ತುದಿಯ ಕಡೆ ಸರಿಯುತ್ತಿತ್ತು. ಕೆಳಗಿನ ಒಂದೇ ಸ್ವರ. ತೆಳ್ಳಗಾಗುತ್ತಾ, ತೆಳ್ಳಗಾಗುತ್ತಾ. ಕಮಾನು ನಿಂತಿತು. ಅವಳು ಕೈ ಇಳಿಸಲಿಲ್ಲ. ಕಣ್ಣು ಮುಚ್ಚಿಯೇ ಇತ್ತು. ಉಳಿದ ಮೂವರೂ ಅಲುಗಲಿಲ್ಲ. ಕೈ ಇಳಿಸುವವರೆಗೆ ಮುಗಿದಿಲ್ಲ ಅಂತ ಅರ್ಥ. ಇದಕ್ಕೆ ಪಂಡಿತರಾಗಬೇಕಿಲ್ಲ, ಕಣ್ಣಿದ್ದರೆ ಸಾಕು.

ಆಗ ಬಂತು. ಪಟ್!

ನನ್ನ ಮುಂದೆ ಎರಡನೇ ಸಾಲು. ಬಿಳಿ ಲಿನನ್ ಕೋಟು. "ಬ್ರಾವೋ!" ಅಂತ ಕೂಗು ಬೇರೆ. ಮೌನ ಒಂದು ಸೆಕೆಂಡ್ ಇದ್ದಿರಬಹುದು. ಜಾಸ್ತಿ ಹೇಳಿದೆನೇನೋ, ಮುಕ್ಕಾಲು ಸೆಕೆಂಡ್ ಇರಬೇಕು. ಚೆಲ್ಲೋ ಹುಡುಗಿ, ಮಲಗಿದ್ದವರನ್ನು ಯಾರೋ ತಟ್ಟಿ ಎಬ್ಬಿಸಿದ ಹಾಗೆ ಬೆಚ್ಚಿಬಿದ್ದಳು. ಆಮೇಲೆ ಪಾಪ, ನಕ್ಕಳು. ಎಂಟುನೂರು ಜನರ ಚಪ್ಪಾಳೆ ಧೋ ಅಂತ ಸುರಿಯಿತು.

ಸಂಜೆಯಷ್ಟೇ ಆಲ್ಡ್‌ಬರಾ ದಂಡೆಯಲ್ಲಿ ಆ ದೊಡ್ಡ ಉಕ್ಕಿನ ಚಿಪ್ಪಿನ ಪಕ್ಕ ಕೂತಿದ್ದೆ. ಶಿಲ್ಪಿ ಮ್ಯಾಗಿ ಹ್ಯಾಂಬ್ಲಿಂಗ್ ಬ್ರಿಟ್ಟನ್ ನೆನಪಿಗೆ 2003ರಲ್ಲಿ ಮಾಡಿದ್ದು. ಊರವರಲ್ಲಿ ಅರ್ಧ ಜನರಿಗೆ ಇಷ್ಟ ಇಲ್ಲ, ಎಷ್ಟೋ ಸಲ ಬಣ್ಣ ಎರಚಿದ್ದಾರೆ. ಅದರ ಅಂಚಿನಲ್ಲಿ ಬ್ರಿಟ್ಟನ್ನನ ಪೀಟರ್ ಗ್ರೈಮ್ಸ್ ಆಪೆರಾದ ಒಂದು ಸಾಲು ಕೊರೆದಿದ್ದಾರೆ. ಮುಳುಗಿಸಲಾಗದ ದನಿಗಳು ನನಗೆ ಕೇಳಿಸುತ್ತಿವೆ ಅನ್ನುವ ಅರ್ಥದ್ದು. ಅಯ್ಯೋ, ಮುಳುಗಿಸಲು ಸಮುದ್ರ ಯಾಕೆ ಬೇಕು? ಲಿನನ್ ಕೋಟಿನ ಒಬ್ಬ ಸಾಕು.

ಇನ್ನೊಂದು ವಿಷಯ ಕೇಳಿ. ಇದೇ ಜನ ಸಂಜೆ ಐದಕ್ಕೆ ಹೈಸ್ಟ್ರೀಟಿನ ಫಿಶ್ ಅಂಡ್ ಚಿಪ್ಸ್ ಅಂಗಡಿಯ ಮುಂದೆ ಸಾಲು ನಿಂತಿದ್ದರು. ನಾವೂ ನಿಂತಿದ್ದೆವು. ಮೂವತ್ತೈದು ನಿಮಿಷ. ಗಾಳಿ, ತಲೆ ಮೇಲೆ ಕಡಲಕ್ಕಿಗಳ ಕಾಟ. ಒಬ್ಬರೂ ಗೊಣಗಲಿಲ್ಲ. ಕರಿದ ಮೀನಿಗೆ ಮೂವತ್ತೈದು ನಿಮಿಷ ಕಾಯುವ ಜನ, ಸಾಯುತ್ತಿರುವ ಮನುಷ್ಯ ಬರೆದ ಕೊನೆಯ ಸ್ವರಕ್ಕೆ ಹತ್ತು ಸೆಕೆಂಡ್ ಕಾಯಲಾರರು.

ಯಾಕೆ ಹೀಗೆ ಮಾಡುತ್ತಾರೆ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಒಂದು, ಕ್ಲಾಸಿನ ಮೊದಲ ಬೆಂಚಿನ ಹುಡುಗನ ಚಟ. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುತ್ತಾನಲ್ಲ, ಅವನು. ಇದು ಇಲ್ಲಿಗೆ ಮುಗಿಯುತ್ತೆ ಅಂತ ನನಗೆ ಗೊತ್ತು, ನಿಮಗೆ ಗೊತ್ತಿರಲಿಲ್ಲ ಅಲ್ವಾ, ಅಂತ ಎಲ್ಲರಿಗೂ ಸಾರುವ ಚಪ್ಪಾಳೆ. ಎರಡನೆಯದು ಇನ್ನೂ ಸಣ್ಣ ಕಾರಣ. ಕಾರ್ ಪಾರ್ಕಿಂಗ್. ಮೊದಲು ಎದ್ದವನು ಮೊದಲು ಹೊರಗೆ.

ಕಾರಿನಲ್ಲಿ ಬರುವಾಗಲೇ ಬೆಂಗಳೂರಿನ ಗೆಳತಿಗೆ ವಾಯ್ಸ್ ಮೆಸೇಜಿನಲ್ಲಿ ಇದನ್ನೆಲ್ಲ ಕಾರಿಕೊಂಡೆ. ಅಲ್ಲಿ ಆಗಲೇ ನಡುರಾತ್ರಿ ದಾಟಿತ್ತು, ಆದರೂ ಉತ್ತರ ಬಂತು. "ಅಲ್ಲ ಕಣೇ, ಖುಷಿಯಾಯ್ತು, ಚಪ್ಪಾಳೆ ತಟ್ಟಿದ. ನಮ್ಮಲ್ಲಿ ಮಧ್ಯದಲ್ಲೇ ಭಲೇ ಅನ್ನಲ್ವಾ? ಮೊಜಾರ್ಟ್ ಕಾಲದಲ್ಲಿ ಅವರೂ ಮಧ್ಯದಲ್ಲೇ ತಟ್ಟುತ್ತಿದ್ದರಂತೆ. ಈ ಬಾಯಿ ಮುಚ್ಚಿ ಕೂರೋ ಮಡಿ ಎಲ್ಲ ಆಮೇಲೆ ಬಂದದ್ದು."

ಮೊಜಾರ್ಟ್ ವಿಷಯ ನಿಜ. 1778ರಲ್ಲಿ ಪ್ಯಾರಿಸ್‌ನಲ್ಲಿ ಅವನ ಸಿಂಫನಿ ನುಡಿಸುವಾಗ ಜನ ನಡುವೆಯೇ ಚಪ್ಪಾಳೆ ತಟ್ಟಿದರು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಮುಗಿದ ಮೇಲೆ ಹೋಗಿ ಐಸ್‌ಕ್ರೀಮ್ ತಿಂದೆ ಅಂತ ಅಪ್ಪನಿಗೆ ಕಾಗದ ಬರೆದ. ಆದರೆ ಆ ಜಾಗದಲ್ಲಿ ಜನ ತಟ್ಟಲಿ ಅಂತಲೇ ಅವನು ಅದನ್ನು ಬರೆದಿದ್ದ! ನಮ್ಮ ಭಲೇ ಕೂಡ ಹಾಗೇ. ತಾನ್ (ವೇಗದ ಸ್ವರಗಳ ಓಟ) ತಿರುಗಿ ಬಂದು ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಿದ್ದಾಗ ನಮ್ಮ ಬಾಯಿಂದ ಬರುವುದು. ಹಾಡುವವರು ಅದಕ್ಕೆ ಕಾದಿರುತ್ತಾರೆ. ಸಮ್ ಬರುವ ಒಂದು ಮಾತ್ರೆ ಮೊದಲೇ ಭಲೇ ಅಂದು ನೋಡಿ. ತಬಲಾದವರು ಹೇಗೆ ನೋಡುತ್ತಾರೆ ಅಂತ ಆಮೇಲೆ ನನಗೆ ಹೇಳಿ. ಖುಷಿಯಾಗಲಿ ಸ್ವಾಮಿ, ಬೇಡ ಅಂದವರಾರು? ಹತ್ತು ಸೆಕೆಂಡ್ ಬಿಟ್ಟು ಖುಷಿಪಡಿ. ಹಾಳಾಗಿ ಹೋಗುತ್ತಾ ಅದು?

ಹಾಗಂತ ನಮ್ಮವರೇನು ಭಾರಿ ಸಾಚಾ ಅಂತ ಹೇಳಲು ಹೊರಟಿಲ್ಲ. ಬೆಂಗಳೂರಿನ ಕಛೇರಿಗಳಲ್ಲಿ ತನಿ ಆವರ್ತನ (ಮೃದಂಗದವರ ಸರದಿ) ಶುರುವಾದರೆ ಅರ್ಧ ಸಭೆ ಕಾಫಿಗೆ ಎದ್ದು ಹೋಗುತ್ತೆ. ಮಂಗಳ ಹಾಡುವಾಗ ಜನ ಹೊರಗೆ ಚಪ್ಪಲಿ ಹುಡುಕುತ್ತಿರುತ್ತಾರೆ. ನಮ್ಮೂರ ಕಡೆ ಯಕ್ಷಗಾನದಲ್ಲಿ ರಾತ್ರಿಯಿಡೀ ಕೂತವರು ಬೆಳಗಿನ ಮಂಗಳಕ್ಕೆ ಚಾಪೆ ಸುತ್ತುತ್ತಿರುತ್ತಾರೆ, ಭಾಗವತರು ಖಾಲಿ ಗದ್ದೆಗೆ ಹಾಡುತ್ತಾರೆ.

ಮತ್ತೆ ನಾನು.

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹದಿನೈದು ವರ್ಷದ ಹಿಂದೆ, ಚೌತಿ ಸಂಜೆ, ನಮ್ಮೂರ ದೇವಸ್ಥಾನದ ಪೌಳಿಯಲ್ಲಿ ಅಪ್ಪಯ್ಯನ ಹಾಡು. ಅಪ್ಪಯ್ಯ ದೊಡ್ಡ ಗಾಯಕ ಏನಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ, ಸಂಜೆ ಹಾಡುತ್ತಿದ್ದ. ಭೈರವಿಯಲ್ಲಿ ಒಂದು ಭಜನೆ ಹಾಡಿ ಮುಗಿಸುವುದು ಅವನ ಪದ್ಧತಿ. ಕೊನೆಗೆ ಷಡ್ಜ ಹಿಡಿದು, ಬಿಟ್ಟು, ಒಂದು ಗಳಿಗೆ ಸುಮ್ಮನಿದ್ದು, ಮೊದಲ ಸಾಲನ್ನು ಮತ್ತೊಮ್ಮೆ ಮೆಲ್ಲಗೆ ಹೇಳುತ್ತಿದ್ದ. ಅದು ನನಗೆ ಚಿಕ್ಕಂದಿನಿಂದ ಗೊತ್ತು. ಅವತ್ತು ನನಗೆ ಎಂಟಕ್ಕೆ ಬೆಂಗಳೂರು ಬಸ್ಸಿತ್ತು. ಏಳೂವರೆ ದಾಟಿತ್ತು. ಅಪ್ಪಯ್ಯ ಷಡ್ಜ ಬಿಟ್ಟ. ನಾನು ಚಪ್ಪಾಳೆ ತಟ್ಟಿದೆ. ಮಗಳೇ ತಟ್ಟಿದಳಲ್ಲ ಅಂತ ಎಲ್ಲರೂ ತಟ್ಟಿದರು. ಅಪ್ಪಯ್ಯನ ಬಾಯಿ ಅರ್ಧ ತೆರೆದಿತ್ತು. ಮುಚ್ಚಿಕೊಂಡ. ನನ್ನ ಕಡೆ ನೋಡಿ ನಕ್ಕು, ಎಲೆಕ್ಟ್ರಾನಿಕ್ ತಂಬೂರಿಯ ಗುಂಡಿ ತಿರುಗಿಸಿ ಆಫ್ ಮಾಡಿದ.

ಎದುರಿಗೆ ಕೂತು ಕೇಳಿದ ಅವನ ಕೊನೆಯ ಭೈರವಿ ಅದು. ಬಸ್ಸು ನಲವತ್ತು ನಿಮಿಷ ತಡವಾಗಿ ಬಂತು.

ಸರಿ ಬಿಡಿ. ಲಿನನ್ ಕೋಟಿನವನಿಗೂ ಏನೋ ಬಸ್ಸಿರಬಹುದು ಅಂತ ನೀವು ಹೇಳಬಹುದು. ಇರಲಿಲ್ಲ. ನನಗೆ ಗೊತ್ತು. ಯಾಕೆಂದರೆ ಮುಂದೆ ಪಾರ್ಕಿಂಗಿನಲ್ಲಿ ಇಪ್ಪತ್ತು ನಿಮಿಷ ಅವನ ಕಾರಿನ ಹಿಂದೆಯೇ ನಾವು ನಿಂತಿದ್ದೆವು. ಹೊರಗೆ ಹೋಗಲು ಇರೋದು ಒಂದು ರಸ್ತೆ. ಒಂಬತ್ತೂವರೆ ಆಗಿದ್ದರೂ ಇನ್ನೂ ಬೆಳಕಿತ್ತು, ಜೊಂಡಿನ ಮೇಲೆ ಮಂಜು ಕೂರುತ್ತಿತ್ತು, ಎಲ್ಲೋ ಒಂದು ಹಕ್ಕಿ ಕೂಗಿತು. ಅಷ್ಟು ಚಂದದ ಸಂಜೆಯಲ್ಲಿ ನೂರಾರು ಕಾರುಗಳು ಇಂಜಿನ್ ಆನ್ ಮಾಡಿಕೊಂಡು ಗುರ್ ಅನ್ನುತ್ತಿದ್ದವು.

ಈಗ ನಮ್ಮನೆಯವರ ಪಾಲು. ಇವತ್ತು ಎರಡನೇ ಚಪ್ಪಾಳೆ ತಟ್ಟಿದ್ದು ಇವರು. ನನ್ನ ಪಕ್ಕದ ಸೀಟಿನಿಂದ. ಬರೀ ತಟ್ಟಿದ್ದಲ್ಲ, ಒಂದು ಕೈಯಲ್ಲಿ ಕಾರಿನ ಕೀ ಇತ್ತು. ಚಪ್ಪಾಳೆಗೆ ತಾಳದ ಹಾಗೆ ಅದೂ ಝಣ್ ಅಂತು. ಯಾಕ್ರೀ ಅಂತ ಕೇಳಿದರೆ "ಮುಗೀತಲ್ಲ, ಅವನು ತಟ್ಟಿದನಲ್ಲ" ಅಂದರು. ಆಮೇಲೆ ಪಾರ್ಕಿಂಗಿನಲ್ಲಿ ಹತ್ತು ನಿಮಿಷ ಸುಮ್ಮನಿದ್ದು, "ಆ ಹುಡುಗಿ ಬೆಚ್ಚಿಬಿದ್ಲು ಅಲ್ವಾ?" ಅಂತ ಅವರೇ ಕೇಳಿದರು. ನಾನು ಉತ್ತರ ಕೊಡಲಿಲ್ಲ.

ನಾಳೆ ಸಂಜೆಗೂ ನಮ್ಮ ಹತ್ತಿರ ಎರಡು ಟಿಕೆಟ್ ಇದೆ. ಇವರನ್ನು ಗೋಡೆ ಬದಿಯ ಸೀಟಿನಲ್ಲಿ ಕೂರಿಸುತ್ತೇನೆ. ಕೀ ನನ್ನ ಬ್ಯಾಗಿನಲ್ಲಿರುತ್ತೆ.