ಊರಿನವರಿಗೆ ಮಾತ್ರ

ಶನಿವಾರ ಸಂಜೆ ನೋಡಿದ್ದನ್ನು ಎರಡು ದಿನ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ. ಇನ್ನು ಸಾಧ್ಯವಿಲ್ಲ, ಬರೆದೇ ಬಿಡುತ್ತೇನೆ.

ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ನಮ್ಮ ರಸ್ತೆಯ ತುದಿಗೆ ಪರಿಚಯದವರೊಬ್ಬರ ಮನೆಯಿದೆ. ಹಿಂಬದಿಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಗೇಟಿಗೆ ತಂತಿಯಲ್ಲಿ ಒಂದು ರಟ್ಟು ಕಟ್ಟಿದ್ದಾರೆ: ‘ಮನೆ ಬಾಡಿಗೆಗಿದೆ. ಊರಿನವರಿಗೆ ಮಾತ್ರ.’ ನಾನು ಹಾಲು ತರಲು ಹೊರಟಾಗ ಆ ಗೇಟಿನ ಹೊರಗೆ ಒಬ್ಬ ಹೆಂಗಸು ಮತ್ತು ಒಂಬತ್ತೋ ಹತ್ತೋ ವರ್ಷದ ಹುಡುಗಿ ನಿಂತಿದ್ದರು. ಕೊಪ್ಪಳ ಕಡೆಯವರು. ತಾಯಿ ಗಾರೆ ಕೆಲಸಕ್ಕೆ ಹೋಗುವವಳಿರಬೇಕು, ಮೊಣಕೈಯವರೆಗೆ ಸಿಮೆಂಟ್ ಒಣಗಿ ಬಿರುಕುಬಿಟ್ಟಿತ್ತು. ಹುಡುಗಿಯ ಮೈಮೇಲೆ ಇನ್ನೂ ಶಾಲೆಯ ಸಮವಸ್ತ್ರ. ಮನೆಯವರು ಜಗಲಿಯಿಂದ ಇಳಿಯಲೇ ಇಲ್ಲ. ಒಳಗಿದ್ದ ಹೆಂಡತಿಗೆ ಹೇಳುವವರಂತೆ ತುಳುವಿನಲ್ಲಿ, ಇವರಿಗೆಲ್ಲ ಕೊಡುವುದು ಬೇಡ, ಊರಿನವರು ಯಾರಾದರೂ ಬರಲಿ ಎಂದರು. ತಾಯಿಗೆ ಅರ್ಥವಾಗಲಿಲ್ಲ. ಹುಡುಗಿಗೆ ಆಯಿತು. ಅವಳು ಗೇಟಿನ ಸರಳು ಹಿಡಿದುಕೊಂಡು, ಹೆದರದೆ, ಅವರ ಮುಖವನ್ನೇ ನೋಡುತ್ತಾ ಹೇಳಿದಳು: “ಎಂಕುಲ್ಲಾ ಊರುದಕುಲೇ.”

ನಾವೂ ಊರಿನವರೇ. ತುಳು ಬಾರದ ಗೆಳೆಯರಿಗಾಗಿ ಅರ್ಥ ಬರೆದೆ. ಆ ಉಚ್ಚಾರವನ್ನು ಬರೆದು ತೋರಿಸಲು ನನ್ನಿಂದಾಗದು. ನನ್ನ ಅಜ್ಜಿ ಮಾತನಾಡಿದ ಹಾಗಿತ್ತು.

ಬಾಗಿಲು ಹಾಕಿಕೊಂಡಿತು.

ಊರಿನವರು ಎಂದರೆ ಯಾರು? ಇದನ್ನು ನಾನು ಸಿಟ್ಟಿನಿಂದಲೇ ಕೇಳುತ್ತಿದ್ದೇನೆ. ನಮ್ಮ ಕಡೆ ‘ಮೂಲ’ ಎಂಬ ಮಾತಿಗೆ ಒಂದು ಸ್ಪಷ್ಟವಾದ ಅರ್ಥವಿದೆ. ಕುಟುಂಬದ ಮೊದಲ ನಾಗಬನ ಎಲ್ಲಿದೆಯೋ ಅದೇ ಮೂಲ. ನಾಗರಪಂಚಮಿಯ ಬೆಳಿಗ್ಗೆ ನಮ್ಮ ರಸ್ತೆ ಅರ್ಧ ಖಾಲಿಯಾಗುತ್ತದೆ, ಏಕೆಂದರೆ ಹೆಚ್ಚಿನವರ ಮೂಲ ಬೇರೆ ಊರಿನಲ್ಲಿದೆ. ಹಾಲು, ಎಳನೀರು, ಕೇದಗೆ ಕಟ್ಟಿಕೊಂಡು ನಾಗನಿಗೆ ತನು ಎರೆಯಲು ಹೊರಡುತ್ತಾರೆ. ನಮ್ಮ ಮೂಲ ಕಾಪುವಿನ ಹತ್ತಿರ. ಅಜ್ಜ ಗೇಣಿಗೆ ಗದ್ದೆ ಸಿಕ್ಕಿತೆಂದು ಹೊಳೆ ದಾಟಿ ಇಲ್ಲಿಗೆ ಬಂದವರು. ರಟ್ಟು ಕಟ್ಟಿದ ಆ ಮಹನೀಯರು ಪ್ರತಿವರ್ಷ ಹೋಗುವುದು ಕಾರ್ಕಳದ ಕಡೆಗೆ. ಮೂಲ ಅಲ್ಲಿಟ್ಟುಕೊಂಡು ಇಲ್ಲಿ ಊರಿನವರಾದದ್ದು ಹೇಗೆ ಎಂದು ಅವರನ್ನು ಯಾರೂ ಗೇಟಿನ ಹೊರಗೆ ನಿಲ್ಲಿಸಿ ಕೇಳಲಿಲ್ಲ.

ಈ ಪುಟ್ಟ ಪೇಟೆಯಲ್ಲಿ ಅರ್ಧ ಗಂಟೆ ಕಿವಿ ತೆರೆದು ನಡೆದರೆ ಸಾಕು. ಬಸ್ ನಿಲ್ದಾಣದಲ್ಲಿ ತುಳು. ಉತ್ತರಕ್ಕೆ ಹೋಗುವ ಬಸ್ಸು ಹತ್ತಿದರೆ ಕುಂದಾಪುರದ ಕನ್ನಡ. ಜೀನಸಿನ ಅಂಗಡಿಯಲ್ಲಿ ಗೌಡ ಸಾರಸ್ವತರ ಕೊಂಕಣಿ, ಇಗರ್ಜಿಯ ಮೆಟ್ಟಿಲಲ್ಲಿ ಕ್ರೈಸ್ತರ ಕೊಂಕಣಿ. ಎರಡೂ ಗೋವೆಯಿಂದ ಬಂದವು, ಎರಡೂ ಬೇರೆ ಬೇರೆ ರಾಗದವು. ಮೀನು ಮಾರುವಲ್ಲಿ ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆ. ಗೋವೆಯಲ್ಲಿ 1560ರಲ್ಲಿ ಪೋರ್ಚುಗೀಸರ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣೆ ಶುರುವಾದ ಮೇಲೆ ಜನ ತಂಡತಂಡವಾಗಿ ದಕ್ಷಿಣಕ್ಕೆ ಇಳಿದರು. ಪಕ್ಕದ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 1678ರದ್ದು. ಕುಡುಬಿ ಸಮುದಾಯದವರದೂ ಅದೇ ದಾರಿ. ಹೋಳಿಯ ದಿನಗಳಲ್ಲಿ ಮುಂಡಾಸಿಗೆ ಅಬ್ಬಲಿಗೆ ಸಿಕ್ಕಿಸಿ, ಗುಮಟೆ ಬಡಿಯುತ್ತಾ ಅವರು ನಮ್ಮ ಅಂಗಳದಲ್ಲಿ ಕುಣಿಯುವಾಗ ಹಾಡು ಕೊಂಕಣಿಯಲ್ಲೇ ಇರುತ್ತದೆ. ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ ಕಥೆ ಇನ್ನೂ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಿಷಪ್ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಜೊತೆ ರೋಮ್‌ನ ಸಭೆಯನ್ನು ಬಿಟ್ಟು ಕೇರಳದ ಮಲಂಕರ ಸಭೆಗೆ ಸೇರಿದವರು ಅವರು. ಮನೆಮಾತು ಕೊಂಕಣಿ, ಪ್ರಾರ್ಥನೆಯ ಪರಂಪರೆ ಸಿರಿಯಾದ್ದು, ಜಗಳವಾಡುವಾಗ ತುಳು. ಇಷ್ಟು ಜನ ಒಂದು ಪೇಟೆಯಲ್ಲಿ ಬದುಕುತ್ತಿರುವುದು ನನಗೆ ಈಗಲೂ ಬೆರಗು.

ಇದೆಲ್ಲ ನಿನ್ನೆ ಮೊನ್ನೆಯದೂ ಅಲ್ಲ. ನಮ್ಮಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದ ಬಾರಕೂರು ತುಳುನಾಡನ್ನಾಳಿದ ಆಳುಪರ ರಾಜಧಾನಿಯಾಗಿತ್ತು ಎಂದು ಎದೆಯುಬ್ಬಿಸಿ ಹೇಳುತ್ತೇವೆ. ಮೊರಾಕೊದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ಅಲ್ಲಿಗೆ ಬಂದಿದ್ದ. ಫಾಕನೂರು ಎಂದು ಅವನು ಬರೆದದ್ದು ಬಾರಕೂರನ್ನೇ. ಅಲ್ಲಿನ ಅರಸ ವಾಸುದೇವ ಎಂಬ ಹಿಂದೂ, ಅವನ ಸುಮಾರು ಮೂವತ್ತು ಯುದ್ಧನೌಕೆಗಳ ಮುಖ್ಯಸ್ಥ ಲೂಲಾ ಎಂಬ ಮುಸ್ಲಿಂ. ಮಸೀದಿಯಿತ್ತು, ಕಾಜಿಯಿದ್ದ, ಕಬ್ಬು ಹೇರಳವಾಗಿತ್ತು ಎಂದೂ ಬರೆದಿದ್ದಾನೆ. ಲೂಲಾನಿಗೆ ಬಾರಕೂರಿನಲ್ಲಿ ಮನೆ ಕೊಡುವಾಗ ಯಾರೂ ರಟ್ಟು ಕಟ್ಟಿರಲಿಕ್ಕಿಲ್ಲ.

ಇನ್ನು ದೈವಗಳ ಮಾತು. ಕಡಲ ಕರೆಯುದ್ದಕ್ಕೂ ಮೀನುಗಾರ ಮೊಗವೀರರು ನಂಬುವ ಬೊಬ್ಬರ್ಯನ ಪಾಡ್ದನವನ್ನು, ಅಂದರೆ ತುಳುವಿನ ಕಥೆಹಾಡನ್ನು, ಕೇಳಿದವರಿಗೆ ಅವನ ತಂದೆ ಒಬ್ಬ ಬ್ಯಾರಿ ವ್ಯಾಪಾರಿ, ತಾಯಿ ಜೈನ ಮನೆತನದವಳು ಎಂಬುದು ಗೊತ್ತು. ಇಂದು ಅವನೇ ಬಾಡಿಗೆ ಕೇಳಿಕೊಂಡು ಬಂದರೆ ಎಷ್ಟು ಗೇಟುಗಳು ತೆರೆದಾವು?

ನಿಜವಾಗಿಯೂ ಮೂಲದವರೇ ಬೇಕೆಂದಿದ್ದರೆ ಕೊರಗರ ಹೆಸರನ್ನು ಮೊದಲು ಹೇಳಬೇಕು. ಈ ನೆಲದ ಅತ್ಯಂತ ಹಳೆಯ ನಿವಾಸಿಗಳು ಅವರೆಂದು ಎಲ್ಲರೂ ಒಪ್ಪುತ್ತಾರೆ. ಒಪ್ಪಿಕೊಂಡು ನಾವು ಮಾಡಿದ್ದೇನು? ನಮ್ಮ ರೋಗರುಜಿನ ಅವರಿಗೆ ದಾಟಲಿ ಎಂದು ಉಗುರು, ಕೂದಲುಗಳನ್ನು ಅನ್ನಕ್ಕೆ ಬೆರೆಸಿ ಅವರಿಗೆ ಉಣ್ಣಿಸಿದೆವು. ಅಜಲು ಎಂದು ಅದಕ್ಕೊಂದು ಹೆಸರಿಟ್ಟೆವು. ಅದನ್ನು ನಿಲ್ಲಿಸಲು 2000ದಲ್ಲಿ ಸರ್ಕಾರ ಕಾಯ್ದೆಯನ್ನೇ ಮಾಡಬೇಕಾಯಿತು. ಬುಟ್ಟಿ ಹೆಣೆಯುವ, ಡೋಲು ಬಡಿಯುವ ಆ ಜನರಿಗೆ ನಮ್ಮ ರಸ್ತೆಯಲ್ಲಿ ಒಂದು ಬಾಡಿಗೆ ಕೋಣೆಯಾದರೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಅವರಿಗಿಂತ ಊರಿನವರು ಇನ್ನಾರಿದ್ದಾರೆ? ಹಾಗಾದರೆ ಆ ರಟ್ಟಿನ ಮೇಲಿನ ‘ಊರಿನವರು’ ಎಂಬ ಮಾತಿಗೆ ‘ನಮ್ಮಂಥವರು’ ಎಂದಷ್ಟೇ ಅರ್ಥ.

ಭಾನುವಾರ ಇದನ್ನೇ ಒಬ್ಬ ಸ್ನೇಹಿತರ ಹತ್ತಿರ ಹೇಳಿಕೊಂಡೆ. ನಿನಗೆ ಭಾವುಕತೆ ಜಾಸ್ತಿ, ಮಲ್ಪೆಯ ಬಂದರಿಗೆ ಹೋಗಿ ನೋಡು, ಬೋಟುಗಳಲ್ಲಿ ಒಡಿಶಾದವರು, ಜಾರ್ಖಂಡಿನವರು; ಹೀಗೇ ಆದರೆ ಇಪ್ಪತ್ತು ವರ್ಷದಲ್ಲಿ ತುಳು ಕೇಳುವವರಿರುವುದಿಲ್ಲ ಎಂದರು. ತುಳುವಿನ ಬಗ್ಗೆ ನನಗೂ ಭಯವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಸ್ನೇಹಿತರ ಮೊಮ್ಮಕ್ಕಳು ಬೆಂಗಳೂರಿನಿಂದ ಬಂದಾಗ ಇಂಗ್ಲಿಷ್ ಬಿಟ್ಟು ಬೇರೆ ಮಾತನಾಡುವುದಿಲ್ಲ. ನನ್ನ ಅಣ್ಣನ ಮಗಳಿಗೆ ‘ಬಲೆ, ಕುಲ್ಲುಲೆ’ (ಬನ್ನಿ, ಕುಳಿತುಕೊಳ್ಳಿ) ಎಂದರೆ ತಿಳಿಯುವುದಿಲ್ಲ. ಕೊಪ್ಪಳದ ಗಾರೆ ಕೆಲಸದವಳ ಮಗಳು ತುಳು ಕಲಿತಿದ್ದಾಳೆ, ಹೇಳಿಕೊಟ್ಟವರಿಲ್ಲದೆ, ಶಾಲೆಯ ಅಂಗಳದಲ್ಲಿ, ಅಂಗಡಿಯ ಕಟ್ಟೆಯಲ್ಲಿ. ಭಾಷೆಯನ್ನು ಕೈಬಿಟ್ಟವರು ಯಾರು ಎಂದು ನಾನು ಕೇಳಿದ್ದಕ್ಕೆ ಅವರು ಮಾತು ಬದಲಿಸಿದರು.

ಊರು ಬಿಟ್ಟು ಹೋಗುವುದರಲ್ಲಿ ನಮ್ಮನ್ನು ಮೀರಿಸುವವರೂ ಇಲ್ಲ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರಿದ್ದರು. ಗಂಡಸರೆಲ್ಲ ಎಲ್ಲಿದ್ದರು? ಮುಂಬಯಿಯ ಹೋಟೆಲುಗಳಲ್ಲಿ, ದುಬೈಯಲ್ಲಿ, ಮಸ್ಕತ್ತಿನಲ್ಲಿ. ನನ್ನ ಅಪ್ಪ ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಹೋದವರು. ಹಗಲು ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋಗಿ, ಗಿರಾಕಿಗಳು ಎದ್ದುಹೋದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಅಲ್ಲಿ ದಕ್ಷಿಣದವರ ವಿರುದ್ಧ ‘ಲುಂಗಿ ಹಟಾವ್, ಪುಂಗಿ ಬಜಾವ್’ ಎಂಬ ಕೂಗು ಎದ್ದಾಗ ಎರಡು ರಾತ್ರಿ ಅಡುಗೆಮನೆಯ ಕತ್ತಲೆಯಲ್ಲಿ ಕುಳಿತಿದ್ದರಂತೆ. ಆ ಕಥೆಯನ್ನು ಅಪ್ಪ ಹೇಳಿದ್ದು ಒಂದೇ ಸಲ. ಹೇಳುವಾಗ ನನ್ನ ಮುಖ ನೋಡಿರಲಿಲ್ಲ.

ಅಂಥ ಅಪ್ಪನ ಮಗಳಾಗಿ ನಾನು ಮಾಡಿದ್ದನ್ನೂ ಬರೆಯಬೇಕು. ಹೋದ ವರ್ಷ ಒಡಿಶಾದ ಇಬ್ಬರು ಪೈಂಟರ್ ಹುಡುಗರು ನಮ್ಮ ಹಿತ್ತಲಿನ ಕೋಣೆಯನ್ನು ಕೇಳಿಕೊಂಡು ಬಂದಿದ್ದರು. ಅಣ್ಣ ಬೆಂಗಳೂರಿಗೆ ಹೋದಂದಿನಿಂದ ಆ ಕೋಣೆ ಖಾಲಿ. ಯಾರೋ ಇದ್ದಾರೆ ಎಂದು ಸುಳ್ಳು ಹೇಳಿ ಕಳುಹಿಸಿದೆ. ರಟ್ಟು ಕಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ. ಶನಿವಾರ ಆ ಹುಡುಗಿಯ ಮಾತು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಇಬ್ಬರ ಮುಖ. ಅವರು ‘ಠೀಕ್ ಹೈ ದೀದಿ’ ಎಂದು ತಲೆ ತಗ್ಗಿಸಿ ಹೋಗಿದ್ದರು.

ಇಂದು ಬೆಳಿಗ್ಗೆ ಶಾಲೆಯ ಹತ್ತಿರ ಕಾದು ನಿಂತು ಆ ತಾಯಿಯ ಹತ್ತಿರ ಮಾತನಾಡಿದೆ. ಗಂಡನನ್ನು ಕರೆದುಕೊಂಡು ಸಂಜೆ ಬಂದು ಕೋಣೆ ನೋಡುತ್ತೇನೆ ಎಂದಳು. ಮನೆಗೆ ಬಂದು ಅಮ್ಮನಿಗೆ ವಿಷಯ ತಿಳಿಸಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿ, ನಾನು ಎಣಿಸಿದ್ದನ್ನೇ ಕೇಳಿದರು: “ಅಕುಲು ಎಂಚಿನಕುಲು?” ಯಾವ ಜಾತಿಯವರು ಎಂದು ನಮ್ಮ ಕಡೆ ಕೇಳುವುದು ಹೀಗೆಯೇ.

ಗೊತ್ತಿಲ್ಲ, ಕೇಳುವುದೂ ಇಲ್ಲ ಎಂದೆ. ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೊರ ಕೆಳಗಿಟ್ಟು, ಆ ಕೋಣೆಯ ಮೂಲೆಯಲ್ಲಿ ಮೂರು ಹಂಚು ಒಡೆದಿದೆ, ಮಳೆಗೆ ಮೊದಲು ಬದಲಿಸದಿದ್ದರೆ ಮಗುವಿನ ಪುಸ್ತಕವೆಲ್ಲ ನೆನೆಯುತ್ತದೆ ಎಂದರು.