ಎಷ್ಟು ಎಚ್‌ಪಿ ಸಾರ್?

ಭಾನುವಾರ ಬೆಳಿಗ್ಗೆ ಬೆಂಗಳೂರು ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿನಲ್ಲಿ, ಗಾಜಿನ ಬಲ್ಬಿನಂಥ ವಾಲ್ವ್‌ಗಳಿಂದ ಸದ್ದು ಹೆಚ್ಚಿಸುವ ಮೂರು ಹಳೇ ವಾಲ್ವ್ ಆಂಪ್ಲಿಫೈಯರ್‌ಗಳು ಒಂದೇ ಟಾರ್ಪಾಲಿನ ಮೇಲೆ ಕೂತಿದ್ದವು. ಪಕ್ಕದಲ್ಲಿ ಹ್ಯಾಂಡಲ್ ಇಲ್ಲದ ಇಕ್ಕಳ, ಒಂಟಿ ಶೂ.

ಮೊದಲನೆಯದು ಅಮೆರಿಕದ್ದು. ಹಿಂದೆ 117 ವೋಲ್ಟ್ ಅಂತ ಬರೆದಿತ್ತು. ಅದನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಹಾಡು ಬರೋದಿಲ್ಲ, ಹೊಗೆ ಬರುತ್ತದೆ. ಅಷ್ಟು ನನಗೆ ಗೊತ್ತಿತ್ತು. ಈ ಬರಹದಲ್ಲಿ ನಾನು ಬುದ್ಧಿವಂತನಾಗಿ ಕಾಣಿಸುವುದು ಇದೊಂದೇ ಕಡೆ, ದಯವಿಟ್ಟು ಗಮನಿಸಿ.

ಎರಡನೆಯದು ಮೈಕ್ ಸೆಟ್‌ನವರ ಆಂಪ್ಲಿಫೈಯರ್. ಊರೂರು ಗಣೇಶನ ಪೆಂಡಾಲು ಸುತ್ತಿ ಮೈಯೆಲ್ಲ ಕುಂಕುಮ ಮೆತ್ತಿಕೊಂಡಿತ್ತು. ಅದನ್ನು ಹಾಲಿನಲ್ಲಿ ಇಟ್ಟರೆ ಹೆಂಡತಿ ನನ್ನನ್ನು ಬೀದಿಗೆ ಇಡುತ್ತಾಳೆ. ಹಾಗಾಗಿ ಬೇಡ.

ಮೂರನೆಯದಕ್ಕೆ ಮರದ ಪೆಟ್ಟಿಗೆ, ಹಿತ್ತಾಳೆ ಗುಂಡಿಗಳು. ಮಾರುವವನು ಹಿಂದಿನ ಅಂಗಡಿಯಿಂದ ವೈರ್ ಎಳೆದು ಸಿಕ್ಕಿಸಿದ. ಅರ್ಧ ನಿಮಿಷದಲ್ಲಿ ವಾಲ್ವ್‌ಗಳು ಒಂದೊಂದಾಗಿ ಕೆಂಪಗೆ ಬೆಳಗಿದವು, ದೇವರ ಮನೆಯಲ್ಲಿ ದೀಪ ಹಚ್ಚಿದ ಹಾಗೆ.

“ಲಂಡನ್ ಮಾಲು ಸಾರ್. ನೋಡಿ ಹೆಂಗ್ ಉರೀತೈತೆ!”

ನಾನು ನೋಡಿದ್ದು ಅಷ್ಟೇ. ಕೇಳಿ ನೋಡೋಣ ಅಂದರೆ ಅಲ್ಲಿ ಸ್ಪೀಕರ್ ಇರಲಿಲ್ಲ. ಹದಿನೆಂಟು ಸಾವಿರ ಕೊಟ್ಟೆ. ಮನೆಯಲ್ಲಿ ಎಂಟು ಅಂದೆ. ‘ಹದಿನೆಂಟು’ ಅನ್ನುವಾಗ ಮೊದಲರ್ಧ ಕೆಮ್ಮಿದೆ ಅಷ್ಟೇ, ಅದು ಸುಳ್ಳಲ್ಲ.

ಈ ಹುಚ್ಚಿಗೆ ಕಾರಣ ನಮ್ಮೂರಿನ ಮೈಕ್ ಸೆಟ್. ಚಿಕ್ಕವನಿದ್ದಾಗ ಗಣೇಶನ ಹಬ್ಬಕ್ಕೆ ತೆಂಗಿನ ಮರಕ್ಕೆ ಹಾರ್ನ್ ಕಟ್ಟುತ್ತಿದ್ದರು. ಕೆಳಗೆ ಬೆಂಚಿನ ಮೇಲೆ ಇಂಥದ್ದೇ ಕೆಂಪಗೆ ಬೆಳಗುವ ಪೆಟ್ಟಿಗೆ. ಇಲ್ಲಿ ಹಾಡು ಹಾಕಿದರೆ ಕೆರೆಯಾಚೆ ಊರಿನ ನಾಯಿಗಳು ಬೊಗಳುತ್ತಿದ್ದವು. ಆ ಸದ್ದು ಪೆಟ್ಟಿಗೆಯೊಳಗಿಂದ ಬರುತ್ತದೆ ಅಂತಲೇ ನಲವತ್ತು ವರ್ಷ ನಂಬಿದ್ದೆ. ನನ್ನ ಹತ್ತಿರ ಡೊಳ್ಳು ಕುಣಿತದ ಒಳ್ಳೇ ರೆಕಾರ್ಡಿಂಗ್ ಒಂದಿದೆ. ಅದನ್ನು ಒಂದು ಸಲ, ಒಂದೇ ಸಲ, ಎದೆ ನಡುಗುವ ಹಾಗೆ ಕೇಳಬೇಕಿತ್ತು.

ಮನೆ ಟಿ. ದಾಸರಹಳ್ಳಿಯಲ್ಲಿ, ಮೂರನೇ ಮಹಡಿ. ಲಿಫ್ಟ್ ಇಲ್ಲ. ಆ ಪೆಟ್ಟಿಗೆಯ ತೂಕವೆಲ್ಲ ಟ್ರಾನ್ಸ್‌ಫಾರ್ಮರ್‌ಗಳ ಕಬ್ಬಿಣದ್ದು. ಒಂದನೇ ಮಹಡಿಯಲ್ಲಿ ಸೊಂಟ ‘ಟಕ್’ ಅಂದಿತು. ಎರಡನೆಯದರಲ್ಲಿ ಮತ್ತೇನೂ ಅನ್ನಲಿಲ್ಲ. ಅದು ಇನ್ನೂ ಭಯ.

ಸಂಜೆ ವೈರ್‌ಗಳನ್ನೆಲ್ಲ ಸಿಕ್ಕಿಸಿ, ಡೊಳ್ಳು ಹಾಕಿದೆ. ಬಲಗಡೆ ಸ್ಪೀಕರ್ ಮಾತಾಡಿತು. ಎಡಗಡೆಯದು ಮೌನ. ವಾಲ್ಯೂಮ್ ಸ್ವಲ್ಪ ಏರಿಸಿದೆ. ಮೌನ. ಇನ್ನೂ ಏರಿಸಿದೆ. ಆಗ ಪೆಟ್ಟಿಗೆಯ ಒಳಗಿಂದಲೇ, ಸ್ಪೀಕರ್ ಹಂಗಿಲ್ಲದೆ, ಇರುವೆ ಡೊಳ್ಳು ಬಾರಿಸಿದ ಹಾಗೆ ಸಣ್ಣಗೆ ಸದ್ದು ಬಂತು. ಎಷ್ಟು ಚೆಂದ ಅಂತ ಕಿವಿ ಹತ್ತಿರ ತಂದೆ. ‘ಚಟ್’ ಅಂತು. ಆಮೇಲೆ ವಾಸನೆ.

“ರೀ, ಒಲೆ ಮೇಲೆ ಏನಾದ್ರೂ ಇಟ್ಟಿದ್ದೀರಾ?”

ಎಡಗಡೆಯ ಸ್ಪೀಕರ್ ವೈರ್ ಕಳಚಿ ಸೋಫಾ ಕೆಳಗೆ ಬಿದ್ದಿತ್ತು.

ಬಜಾರಿನ ಗೆಳೆಯನೊಬ್ಬ ರೇಡಿಯೋ ರಿಪೇರಿ ಮಾಡುವ ಒಬ್ಬ ಅಜ್ಜನ ವಿಳಾಸ ಕೊಟ್ಟ. ನಾನು ಕವರ್ ಬಿಚ್ಚಿ ಒಳಗೆ ಬೆರಳು ತೋರಿಸಲು ಹೋದೆ. ಅಜ್ಜ ಕೈಗೆ ಪಟ್ಟನೆ ಹೊಡೆದರು.

“ಎಡಗೈ ಜೇಬಲ್ಲಿ ಇಟ್ಕೊಳ್ಳಿ ಸ್ವಾಮಿ. ಆಫ್ ಮಾಡಿದ್ರೂ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಕೂತಿರುತ್ತೆ. ಎರಡು ಕೈಯಲ್ಲೂ ಮುಟ್ಟಿದ್ರೆ ಎದೆ ಮೂಲಕ ಹೋಗುತ್ತೆ.”

ಮುಂದಿನ ಒಂದು ಗಂಟೆ ಎರಡೂ ಕೈ ಜೇಬಿನಲ್ಲೇ ಇಟ್ಟುಕೊಂಡು ನಿಂತಿದ್ದೆ. ಅವರು ಕೊಟ್ಟ ಚಹಾವನ್ನೂ ಮುಟ್ಟಲಿಲ್ಲ.

ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರ್ ಇಲ್ಲದೆ ನುಡಿಸಬಾರದಂತೆ. ಹೊರಗೆ ಹೋಗಲು ದಾರಿ ಇಲ್ಲದ ಶಕ್ತಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲೇ ವೋಲ್ಟೇಜ್ ಏರಿಸಿ ಕಿಡಿ ಹಾರಿಸುತ್ತದಂತೆ. ಸೋಫಾ ಕೆಳಗಿನ ವೈರ್ ಬಗ್ಗೆ ನಾನು ಅವರಿಗೆ ಹೇಳಲೇ ಇಲ್ಲ. ಅವರಿಗೆ ಗೊತ್ತಾಗಿತ್ತು.

“ಯಜಮಾನ್ರೇ, ವಾಲ್ವ್‌ಗಳಾದ್ರೂ ಚೆನ್ನಾಗಿವೆ ಅಲ್ವಾ? ಕೆಂಪಗೆ ಬೆಳಗ್ತಿದ್ವು.”

“ಆ ಬೆಳಕು ವಾಲ್ವ್ ಒಳಗೆ ಕಾಯೋ ತಂತಿದು, ಹೀಟರ್‌ದು. 6.3 ವೋಲ್ಟ್ ಕೊಟ್ರೆ ಸತ್ತ ವಾಲ್ವೂ ಬೆಳಗುತ್ತೆ.” ಒಂದನ್ನು ಕಿತ್ತು ಕನ್ನಡಕದ ಹತ್ತಿರ ಹಿಡಿದರು. “ಇಎಲ್84. ಯಾವ ದೇಶದ್ದು ಅಂದ್ರು?”

“ಲಂಡನ್.”

“ಬಿಇಎಲ್ ಅಂತ ಬರೆದಿದೆ. ಜಾಲಹಳ್ಳಿ.”

ಬಿಇಎಲ್ ಅಂದರೆ 1954ರಲ್ಲಿ ಶುರುವಾದ ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್. ಒಂದು ಕಾಲಕ್ಕೆ ರೇಡಿಯೋ ವಾಲ್ವ್‌ಗಳನ್ನು ಅಲ್ಲೇ ಮಾಡುತ್ತಿದ್ದರು. ನಮ್ಮ ಮನೆಯಿಂದ ಆಟೋದಲ್ಲಿ ಹೋಗಿಬರುವಷ್ಟು ದೂರ. ಲಂಡನ್ ಅಂತ ಚಿಕ್ಕಪೇಟೆಗೆ ಹೋಗಿ, ಜಾಲಹಳ್ಳಿಯನ್ನು ಹೊತ್ತುಕೊಂಡು ದಾಸರಹಳ್ಳಿಗೆ ಬಂದಿದ್ದೆ. ಬೇಜಾರು ಮಾಡ್ಕೋಬೇಡಿ, ಬಿಇಎಲ್ ವಾಲ್ವ್ ಗಟ್ಟಿ ಮಾಲು ಅಂದರು ಅಜ್ಜ. ನಾಲ್ಕರಲ್ಲಿ ಮೂರು ಇನ್ನೂ ಚೆನ್ನಾಗಿದ್ದವು.

ಟ್ರಾನ್ಸ್‌ಫಾರ್ಮರ್ ಮಾತ್ರ ಹೊಸದಾಗಿ ಸುತ್ತಿಸಬೇಕು. ವೈಂಡಿಂಗ್ ಅಂದ ಕೂಡಲೇ ನನಗೆ ನೆನಪಾಗಿದ್ದು ಪೀಣ್ಯದ ಮೋಟಾರ್ ವೈಂಡಿಂಗ್ ಅಂಗಡಿ. ಅಲ್ಲಿ ಬೋರ್‌ವೆಲ್ ಮೋಟಾರ್‌ಗಳು ಸಾಲಾಗಿ ಮಲಗಿದ್ದವು. ಹುಡುಗ ತಲೆ ಎತ್ತದೆ ಕೇಳಿದ:

“ಎಷ್ಟು ಎಚ್‌ಪಿ ಸಾರ್?”

ಒಂದು ಎಚ್‌ಪಿಗೆ 746 ವ್ಯಾಟ್. ನನ್ನದು ಒಂದು ಕಡೆಗೆ 15 ವ್ಯಾಟ್. ಅಂದರೆ ಒಂದು ಎಚ್‌ಪಿಯ ಐವತ್ತನೇ ಒಂದು ಭಾಗ. ಅದನ್ನೇ ಹೇಳಿದೆ. ಅವನು ತಲೆ ಎತ್ತಿದ. ಅಂಗಡಿಯವರೆಲ್ಲ ತಲೆ ಎತ್ತಿದರು. “ಇದ್ರಲ್ಲಿ ಎಷ್ಟ್ ಇಂಚ್ ನೀರ್ ಬರ್ತದೆ ಸಾರ್?” ಅಂದ ಒಬ್ಬ.

ಕೊನೆಗೆ ಸ್ಟೆಬಿಲೈಸರ್ ಟ್ರಾನ್ಸ್‌ಫಾರ್ಮರ್ ಸುತ್ತುವವರೊಬ್ಬರು, ಹಳೇ ತಂತಿಯನ್ನು ಸುತ್ತು ಎಣಿಸಿ ಬಿಚ್ಚಿ, ಹೊಸದನ್ನು ಸುತ್ತಿಕೊಟ್ಟರು. ಮೂರು ವಾರ, ನಾಲ್ಕು ಸಾವಿರ. ಮನೆಯಲ್ಲಿ ಮತ್ತೆ ಕೆಮ್ಮಿದೆ. ಹೆಂಡತಿ ಕಷಾಯ ಮಾಡಿಕೊಟ್ಟಳು.

ಈ ಸಲ ವೈರ್‌ಗಳನ್ನು ಮೂರು ಸಲ ಎಳೆದು ನೋಡಿ ಡೊಳ್ಳು ಹಾಕಿದೆ. ಚೆನ್ನಾಗಿತ್ತು. ಬೆಚ್ಚಗೆ, ದುಂಡಗೆ. ಆದರೆ ಜೋರಿಗೆ ಎದೆ ನಡುಗಲಿಲ್ಲ. ಪೂರ್ತಿ ತಿರುಗಿಸಿದರೆ ಗೊರಗೊರ. ಅಜ್ಜನಿಗೆ ಫೋನ್ ಮಾಡಿದೆ. ಒಂದು ಕಡೆಗೆ 30 ವ್ಯಾಟಿನದು ತಗೊಂಡಿದ್ದರೆ ಎರಡರಷ್ಟು ಜೋರಾಗ್ತಿತ್ತಾ?

“ಇಲ್ಲ ಸ್ವಾಮಿ, ಬರೀ 3 ಡೆಸಿಬಲ್ ಜಾಸ್ತಿ. ಕಿವಿಗೆ ಎರಡರಷ್ಟು ಅನ್ನಿಸ್ಬೇಕಾದ್ರೆ ಹತ್ತರಷ್ಟು ವ್ಯಾಟ್ ಬೇಕು. ನಿಮ್ ಸ್ಪೀಕರ್ ಎಂಥದ್ದು?”

ಪುಸ್ತಕದ ಕಪಾಟಿನಲ್ಲಿ ಕೂರುವ ಪುಟಾಣಿ. ಹಿಂದೆ 86 ಡೆಸಿಬಲ್ ಅಂತ ಬರೆದಿದೆ, ಅಂದರೆ ಒಂದು ವ್ಯಾಟ್ ಕೊಟ್ಟರೆ ಅಷ್ಟು ಸದ್ದು.

“ನಿಮ್ಮೂರ ಹಾರ್ನು 106ಕ್ಕೆ ಕಮ್ಮಿ ಇರಲ್ಲ. ಅದಕ್ಕೆ ಒಂದು ವ್ಯಾಟ್ ಕೊಟ್ಟು ಬರೋ ಸದ್ದಿಗೆ ನಿಮ್ ಡಬ್ಬಕ್ಕೆ ನೂರು ವ್ಯಾಟ್ ಬೇಕು. ಜೋರು ಇದ್ದಿದ್ದು ಮರದ ಮೇಲೆ. ನೀವು ಬೆಂಚ್ ಮೇಲಿಂದು ತಂದಿದ್ದೀರಿ.”

ಹಾರ್ನ್ ತರೋಣ ಅಂತ ಮನೆಯಲ್ಲಿ ಬಾಯಿ ತೆರೆದೆ. ಅವಳು ನನ್ನನ್ನು ನೋಡಿದಳು. ಮುಚ್ಚಿದೆ.

ಈಗ ಹಾಡಿನ ಮಧ್ಯೆ ಸಣ್ಣಗೆ ಆಕಾಶವಾಣಿಯೂ ಕೇಳುತ್ತದೆ. ಯಾವುದೋ ವೈರ್ ಏರಿಯಲ್ ಆಗಿದೆ. ಪ್ರದೇಶ ಸಮಾಚಾರಕ್ಕೆ ಡೊಳ್ಳಿನ ಹಿಮ್ಮೇಳ. ಅಜ್ಜ ಕೇಬಲ್ ಬದಲಾಯಿಸಿ ಅಂದಿದ್ದಾರೆ, ನಾನು ಬದಲಾಯಿಸಿಲ್ಲ.

ಹೆಂಡತಿ ಆಂಪ್ಲಿಫೈಯರ್ ಬಗ್ಗೆ ಒಂದೇ ಮಾತು ಆಡಿದ್ದು: “ಮೂವತ್ತು ವ್ಯಾಟ್ ಹಾಡಿಗೆ ನೂರು ವ್ಯಾಟ್ ಒಲೆ.” ಎರಡೂ ಕಡೆ ಸೇರಿಸಿದರೆ ಲೆಕ್ಕ ಸರಿಯಾಗಿಯೇ ಇದೆ. ಡಿಸೆಂಬರ್ ಬಂತು. ಚಳಿಗೆ ದೋಸೆ ಹಿಟ್ಟು ಹುಳಿ ಬರುತ್ತಿರಲಿಲ್ಲ. ಒಂದು ರಾತ್ರಿ ನೋಡಿದರೆ ಪೆಟ್ಟಿಗೆಯ ಪಕ್ಕದಲ್ಲಿ ಹಿಟ್ಟಿನ ಪಾತ್ರೆ.

“ಮಲಗೋ ತನಕ ಹಾಡು ಹಾಕಿರಿ,” ಅಂದಳು. “ಸಣ್ಣಗೆ.”

ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿಕೊಂಡು ನಿಂತಿತ್ತು. ಮರುವಾರ ಕೆಳಗಿನ ಮನೆ ಆಂಟಿ ಬಾಗಿಲು ತಟ್ಟಿದರು. ಡೊಳ್ಳಿಗೆ ಬೈಯಲು ಬಂದರು ಅಂತ ಓಡಿ ಹೋಗಿ ವಾಲ್ಯೂಮ್ ತಗ್ಗಿಸಿದೆ. ಅವರ ಕೈಯಲ್ಲಿ ಇಡ್ಲಿ ಹಿಟ್ಟಿನ ಡಬ್ಬಿ ಇತ್ತು.